ಹುದುಗುವಿಕೆಯ ಕಚ್ಚಾವಸ್ತುಗಳಲ್ಲಿನ ಜೀವಸತ್ವಗಳ ಮೇಲೆ ವಿಕಿರಣದ ಪರಿಣಾಮ

ಹುದುಗುವಿಕೆಗೆ ಸಕ್ಕರೆಯೊಂದಿದ್ದರೆ ಸಾಲದು. ಯೀಸ್ಟ್ ಅಥವಾ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಮದ್ಯಸಾರವಾಗಿಯೋ ಆಮ್ಲವಾಗಿಯೋ ಪರಿವರ್ತಿಸಬೇಕಾದರೆ ಸಾರಜನಕ, ರಂಜಕ ಮತ್ತು ಲವಣಗಳ ಜೊತೆಗೆ ಅತ್ಯಲ್ಪ ಪ್ರಮಾಣದ ಕೆಲವು ಸಾವಯವ ವಸ್ತುಗಳೂ ಅವುಗಳಿಗೆ ದೊರೆಯಬೇಕು. ಈ ಸಂಗತಿ ಮೊದಲು ಬೆಳಕಿಗೆ ಬಂದುದು ಒಂದು ವಿವಾದದ ಮೂಲಕ. ಸಕ್ಕರೆ, ಅಮೋನಿಯ ಲವಣ ಹಾಗೂ ಯೀಸ್ಟಿನ ಬೂದಿ ಇಷ್ಟರಲ್ಲೇ ಯೀಸ್ಟ್ ಬೆಳೆಯುತ್ತದೆಂದು ಪಾಶ್ಚರ್ ಹೇಳಿದರೆ, ಆ ಪ್ರಯೋಗ ತಮ್ಮ ಕೈಯಲ್ಲಿ ಫಲಿಸಲಿಲ್ಲವೆಂದು ಲೀಬಿಗ್ ವಾದಿಸಿದರು. 1901ರಲ್ಲಿ ಬೆಲ್ಜಿಯಮ್ಮಿನ ಲೂವೆನ್ನಿನಲ್ಲಿ ವೀಲ್ಡಿಯರ್ಸ್ ಎಂಬ ಸಂಶೋಧಕರು ಈ ಒಗಟನ್ನು ಬಿಡಿಸಿದರು. ದ್ರಾವಣಕ್ಕೆ ಹೆಚ್ಚು ಯೀಸ್ಟನ್ನು ಬೆರೆಸಿದರೆ ಅದರೊಂದಿಗೇ ಬೇಕಾದ ಪೋಷಕ ವಸ್ತುವೂ ಬಂದುಬಿಡುತ್ತದೆ. ತೀರ ಕಡಿಮೆ ಬೆರೆಸಿದರೆ ಬೆಳವಣಿಗೆ ನಿಲ್ಲುತ್ತದೆ. ಆಗ ಕುದಿಸಿದ ಯೀಸ್ಟಿನ ಸಾರವನ್ನು ಸ್ವಲ್ಪ ಸೇರಿಸಿದರೆ ಮತ್ತೆ ಬೆಳೆಯತೊಡಗುತ್ತದೆ. ಆ ಅಜ್ಞಾತ ವಸ್ತುವಿಗೆ ಅವರು ‘ಬಯಾಸ್’ ಎಂದು ಹೆಸರಿಟ್ಟರು. ಮುಂದೆ ಅದು ಒಂದೇ ವಸ್ತುವಲ್ಲ, ಇನಾಸಿಟಾಲ್, ಪ್ಯಾಂಟೊಥೆನಿಕ್ ಆಮ್ಲ, ಬಯೋಟಿನ್ ಮೊದಲಾದವುಗಳ ಸಮೂಹ ಎಂದು ತಿಳಿದುಬಂತು. 1936ರಲ್ಲಿ ಕೋಗ್ಲ್ ಮತ್ತು ಟೋನಿಸ್ ಅವರು 250 ಕಿಲೋಗ್ರಾಂ ಒಣಗಿಸಿದ ಮೊಟ್ಟೆಯ ಹಳದಿಯಿಂದ ಪಡೆದ ಬಯೋಟಿನ್ ಸಂಯುಕ್ತ 1 ಮಿಲಿಗ್ರಾಮಿಗಿಂತ ತುಸು ಹೆಚ್ಚು ಮಾತ್ರ. ಅಷ್ಟು ವಿರಳವಾದ ವಸ್ತು ಇಲ್ಲದಿದ್ದರೆ ಸಾವಿರಾರು ಲೀಟರಿನ ತೊಟ್ಟಿ ನಿಷ್ಕ್ರಿಯವಾಗುತ್ತದೆ.

ಹುದುಗುವಿಕೆಯ ಉದ್ಯಮದಲ್ಲಿ ಶುದ್ಧ ಜೀವಸತ್ವಗಳನ್ನು ಕೊಂಡು ಸೇರಿಸುವುದು ದುಬಾರಿ. ಆದುದರಿಂದ ಕಾಕಂಬಿ, ಮೆಕ್ಕೆಜೋಳವನ್ನು ನೆನೆಸಿದ ನೀರಿನ ಸಾಂದ್ರ ರೂಪ, ಯೀಸ್ಟಿನ ಸಾರ, ಧಾನ್ಯ ಮತ್ತು ಬೇಳೆಗಳ ಹಿಟ್ಟು ಇಂತಹ ಅಗ್ಗದ ಕಚ್ಚಾವಸ್ತುಗಳಲ್ಲಿ ಸಹಜವಾಗಿಯೇ ಇರುವ ಜೀವಸತ್ವಗಳನ್ನೇ ನೆಚ್ಚಿಕೊಳ್ಳಲಾಗುತ್ತದೆ. ಇವೇ ವಸ್ತುಗಳು ಬೇಡದ ಸೂಕ್ಷ್ಮಜೀವಿಗಳ ಮತ್ತು ಕೀಟಗಳ ಆಶ್ರಯವೂ ಹೌದು. ಅವುಗಳನ್ನು ನಿವಾರಿಸಲು ಶಾಖದ ಬದಲು ಗಾಮಾ ಕಿರಣ ಅಥವಾ ಎಲೆಕ್ಟ್ರಾನ್ ಕಿರಣಗಳನ್ನು ಬಳಸಬಹುದೆಂಬ ಸಲಹೆ ಎರಡನೆಯ ಮಹಾಯುದ್ಧಾನಂತರದ ವರ್ಷಗಳಿಂದಲೂ ಇದೆ. ವಿಕಿರಣವು ಸೂಕ್ಷ್ಮಜೀವಿಯನ್ನು ಕೊಲ್ಲುವಾಗ ಜೀವಸತ್ವವನ್ನೂ ಕೊಲ್ಲುವುದಿಲ್ಲವೆ ಎಂಬುದು ಆಗಿನಿಂದಲೂ ಕೇಳಿಬರುತ್ತಿರುವ ಪ್ರಶ್ನೆ. ಆಹಾರವಿಜ್ಞಾನದಲ್ಲಿ ಈ ಪ್ರಶ್ನೆಗೆ ಸಾಕಷ್ಟು ಉತ್ತರಗಳಿವೆ. ಆದರೆ ಅಲ್ಲಿ ಉಣ್ಣುವವನು ಮನುಷ್ಯ. ಇಲ್ಲಿ ಉಣ್ಣುವುದು ಸೂಕ್ಷ್ಮಜೀವಿ. ಈ ವ್ಯತ್ಯಾಸವನ್ನು ಮರೆತು ಆಹಾರದ ಕೋಷ್ಟಕಗಳನ್ನು ನೇರವಾಗಿ ಹುದುಗುತೊಟ್ಟಿಗೆ ಅನ್ವಯಿಸುವುದರಿಂದ ಅನೇಕ ತಪ್ಪು ತೀರ್ಮಾನಗಳು ಹುಟ್ಟುತ್ತವೆ.

ವಿಕಿರಣವು ಅಣುವನ್ನು ತಲುಪುವ ಬಗೆ

ಇಲ್ಲಿ ಬಳಕೆಯಾಗುವ ಗಾಮಾ ಕಿರಣಗಳ ಆಕರ ಸಾಮಾನ್ಯವಾಗಿ ಕೋಬಾಲ್ಟ್-60. ಅದರ ಅರ್ಧಾಯು 5.27 ವರ್ಷ, ಹೊರಸೂಸುವ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಈ ಶಕ್ತಿಯ ಕಿರಣಗಳಿಂದ ವಸ್ತು ತಾನೇ ವಿಕಿರಣಶೀಲವಾಗುವುದಿಲ್ಲ. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ; ಸಾವಿರ ಗ್ರೇ ಸೇರಿ ಒಂದು ಕಿಲೋಗ್ರೇ. ಶಾಖದ ಲೆಕ್ಕದಲ್ಲಿ ಇದು ಅತ್ಯಲ್ಪ: 10 ಕಿಲೋಗ್ರೇ ಹೀರಿದ ನೀರಿನ ಉಷ್ಣತೆ ಏರುವುದು ಸುಮಾರು 2.4 ಡಿಗ್ರಿ ಸೆಲ್ಸಿಯಸ್. ಹೀಗಾಗಿ ಇಲ್ಲಿನ ಹಾನಿಗೆ ಕಾರಣ ಬಿಸಿಯಲ್ಲ, ರಾಸಾಯನಿಕ ಕ್ರಿಯೆ.

ಆ ಕ್ರಿಯೆ ಎರಡು ದಾರಿಗಳಲ್ಲಿ ನಡೆಯುತ್ತದೆ. ಕಿರಣದ ಶಕ್ತಿ ಜೀವಸತ್ವದ ಅಣುವಿಗೇ ನೇರವಾಗಿ ತಾಗುವುದು ಒಂದು. ಅಣುಗಳ ಸಂಖ್ಯೆ ಅತ್ಯಲ್ಪವಾದುದರಿಂದ ಈ ಸಂಭವ ಕಡಿಮೆ. ನೀರು ಒಡೆದು ಉಂಟಾಗುವ ಚುರುಕಾದ ತುಣುಕುಗಳು, ಅಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಜಲಜನಕದ ಪರಮಾಣು ಮತ್ತು ನೀರಿನ ಅಣುಗಳಿಂದ ಸುತ್ತುವರಿದ ಎಲೆಕ್ಟ್ರಾನ್, ಅಲೆದು ಬಂದು ಜೀವಸತ್ವದೊಂದಿಗೆ ವರ್ತಿಸುವುದು ಇನ್ನೊಂದು. ಈ ಮೂರನೆಯ ತುಣುಕಿನ ಇರವು ಹಾರ್ಟ್ ಮತ್ತು ಬೋಗ್ ಅವರಿಂದ ಖಚಿತವಾದುದು 1962ರಲ್ಲಿ. ಅದಕ್ಕೆ ಹಿಂದಿನ ಬಹಳಷ್ಟು ಬರಹಗಳಲ್ಲಿ ಎಲ್ಲ ಹೊಣೆಯನ್ನೂ ಜಲಜನಕದ ಪರಮಾಣುವಿನ ಮೇಲೆ ಹೊರಿಸಲಾಗಿದೆ ಎಂಬುದನ್ನು ಹಳೆಯ ಸಾಹಿತ್ಯವನ್ನು ಓದುವವರು ಗಮನದಲ್ಲಿಡಬೇಕು.

ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಾದ ಬಹುತೇಕ ಎಲ್ಲ ಸಾವಯವ ಅಣುಗಳೊಂದಿಗೂ ವರ್ತಿಸುತ್ತದೆ. ಅದಕ್ಕೆ ಆಯ್ಕೆ ಕಡಿಮೆ. ಇದರಿಂದ ಎರಡು ನಿಯಮಗಳು ಹುಟ್ಟುತ್ತವೆ. ಶುದ್ಧ ನೀರಿನಲ್ಲಿ ಜೀವಸತ್ವವೊಂದೇ ಕರಗಿದ್ದರೆ, ದ್ರಾವಣ ತೆಳುವಾದಷ್ಟೂ ನಾಶವಾಗುವ ಶೇಕಡಾ ಭಾಗ ಹೆಚ್ಚುತ್ತದೆ. ಬೇರೆ ಅಣುಗಳು ಜೊತೆಗಿದ್ದರೆ ರ‍್ಯಾಡಿಕಲ್‌ಗಳು ಅವುಗಳಲ್ಲಿ ಹಂಚಿಹೋಗಿ ಜೀವಸತ್ವ ಉಳಿಯುತ್ತದೆ. ಕಾರ್ಲ್ಸ್‌ರೂಹೆಯ ಸಂಶೋಧಕ ಡೀಲ್ ಮತ್ತು ಸಂಗಡಿಗರು ಕೊಡುವ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ: 100 ಮಿಲಿಲೀಟರಿಗೆ 0.25 ಮಿಲಿಗ್ರಾಂ ಥಯಾಮಿನ್ ಇರುವ ನೀರಿನ ದ್ರಾವಣವು 0.5 ಕಿಲೋಗ್ರೇಯಲ್ಲಿ ಅದರ ಅರ್ಧವನ್ನು ಕಳೆದುಕೊಳ್ಳುತ್ತದೆ. ಅದೇ ಪ್ರಮಾಣಕ್ಕೆ ಒಡ್ಡಿದ ಒಣ ಮೊಟ್ಟೆಯ ಪುಡಿಯಲ್ಲಿ ಥಯಾಮಿನ್ನಿನ ನಷ್ಟ ಶೇಕಡಾ 5ಕ್ಕಿಂತ ಕಡಿಮೆ. ಜೀವಸತ್ವ ಒಂದೇ, ಪ್ರಮಾಣ ಒಂದೇ. ಭಿನ್ನವಾದುದು ಪರಿಸರ ಮಾತ್ರ. ಶುದ್ಧ ದ್ರಾವಣಗಳ ಅಂಕಿಗಳನ್ನಷ್ಟೇ ಹಿಡಿದು ವಿಕಿರಣವು ಜೀವಸತ್ವಗಳನ್ನು ನಿರ್ನಾಮಗೊಳಿಸುತ್ತದೆಂದು ಹೇಳುವ ಬರಹಗಳು ಈ ಕಾರಣದಿಂದಲೇ ನಂಬಲರ್ಹವಲ್ಲ. ಒಣಪುಡಿಯ ಅಂಕಿಗಳನ್ನು ಹಿಡಿದು ಏನೂ ಆಗುವುದಿಲ್ಲವೆನ್ನುವುದೂ ಅಷ್ಟೇ ಅವಸರದ ಮಾತು.

ಕಾಕಂಬಿ: ಒಂದು ಲೆಕ್ಕ

ಕಬ್ಬಿನ ಕಾಕಂಬಿ ಭಾರತದ ಹುದುಗುವಿಕೆಯ ಉದ್ಯಮದ ಬೆನ್ನೆಲುಬು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಕರ್ನಾಟಕಕ್ಕೂ ಇದು ಪರಿಚಿತ ಸರಕು. ಇದರಲ್ಲಿ ಸರಿಸುಮಾರು ಅರ್ಧದಷ್ಟು ಸಕ್ಕರೆ. ಬಯೋಟಿನ್ ಕಿಲೋಗ್ರಾಮಿಗೆ ಸುಮಾರು 1ರಿಂದ 3 ಮಿಲಿಗ್ರಾಂ. ಇನಾಸಿಟಾಲ್ ಕೆಲವು ಸಾವಿರ ಮಿಲಿಗ್ರಾಂ. ಬೀಟ್ ಗೆಡ್ಡೆಯ ಕಾಕಂಬಿಯಲ್ಲಿ ಬಯೋಟಿನ್ ಇದರ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಬೀಟ್ ಕಾಕಂಬಿಯಿಂದ ಯೀಸ್ಟ್ ಬೆಳೆಸುವ ಐರೋಪ್ಯ ಕಾರ್ಖಾನೆಗಳು ಅದಕ್ಕೆ ಕಬ್ಬಿನ ಕಾಕಂಬಿಯನ್ನೋ ಶುದ್ಧ ಬಯೋಟಿನ್ನನ್ನೋ ಬೆರೆಸಬೇಕಾಗಿ ಬಂದುದು ಈ ಕೊರತೆಯಿಂದ.

ಕಿಲೋಗ್ರಾಮಿಗೆ 2 ಮಿಲಿಗ್ರಾಂ ಬಯೋಟಿನ್ ಇರುವ ಕಾಕಂಬಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಸುಮಾರು 8 ಮೈಕ್ರೋಮೋಲ್. ಅದೇ ಕಿಲೋಗ್ರಾಮಿನಲ್ಲಿರುವ 500 ಗ್ರಾಂ ಸಕ್ಕರೆಯನ್ನು ಸುಕ್ರೋಸ್ ಎಂದೇ ಎಣಿಸಿದರೆ ಸುಮಾರು 1.46 ಮೋಲ್. ಅಂದರೆ ಒಂದು ಬಯೋಟಿನ್ ಅಣುವಿಗೆ ಪ್ರತಿಯಾಗಿ ಸುಮಾರು 1.8 ಲಕ್ಷ ಸಕ್ಕರೆಯ ಅಣುಗಳು. 1 ಕಿಲೋಗ್ರೇ ವಿಕಿರಣವು ಒಂದು ಕಿಲೋಗ್ರಾಂ ನೀರಿನಲ್ಲಿ ಉಂಟುಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಸುಮಾರು 280 ಮೈಕ್ರೋಮೋಲ್. ಬರಿಯ ನೀರಿನಲ್ಲಿದ್ದಿದ್ದರೆ 8 ಮೈಕ್ರೋಮೋಲ್ ಬಯೋಟಿನ್ನಿಗೆ ಇಷ್ಟು ರ‍್ಯಾಡಿಕಲ್‌ಗಳು ಬೇಕಾದುದಕ್ಕಿಂತ ಹೆಚ್ಚೇ. ಅವುಗಳಲ್ಲಿ ಹಲವು ಪರಸ್ಪರ ಕೂಡಿಕೊಂಡು ವ್ಯರ್ಥವಾದರೂ ಜೀವಸತ್ವದ ದೊಡ್ಡ ಪಾಲು ಹಾಳಾಗುತ್ತಿತ್ತು. ಕಾಕಂಬಿಯಲ್ಲಾದರೋ ಬಯೋಟಿನ್ ಸಕ್ಕರೆಗಿಂತ 10 ಪಟ್ಟು ಸುಲಭವಾಗಿ ರ‍್ಯಾಡಿಕಲ್ಲಿಗೆ ಸಿಗುತ್ತದೆಂದು ಉದಾರವಾಗಿ ಒಪ್ಪಿದರೂ ಅದರ ಪಾಲಿಗೆ ಬರುವುದು 18 ಸಾವಿರದಲ್ಲಿ ಒಂದು. ನಷ್ಟ ಸುಮಾರು ಶೇಕಡಾ 0.2. ಪ್ರಮಾಣವನ್ನು 10 ಕಿಲೋಗ್ರೇಗೆ ಏರಿಸಿದರೂ ಶೇಕಡಾ 2ರ ಆಸುಪಾಸು. ಕಾಕಂಬಿಯಲ್ಲಿ ನೀರಿನ ಭಾಗ ಕಡಿಮೆಯಿರುವುದು, ಸಕ್ಕರೆಯಿಂದ ಹುಟ್ಟುವ ಎರಡನೆಯ ಸುತ್ತಿನ ರ‍್ಯಾಡಿಕಲ್‌ಗಳು, ನೇರ ಹೊಡೆತ ಇವೆಲ್ಲ ಈ ಲೆಕ್ಕವನ್ನು ಅತ್ತಿತ್ತ ಸರಿಸಬಹುದು. ಅದರ ತೂಕವನ್ನು ಬದಲಿಸಲಾರವು.

ಈ ಲೆಕ್ಕದ ಮಹತ್ವ ತಿಳಿಯುವುದು ಗ್ಲುಟಾಮಿಕ್ ಆಮ್ಲದ ಉತ್ಪಾದನೆಯಲ್ಲಿ. 1957ರಲ್ಲಿ ಜಪಾನಿನ ಕಿನೋಶಿತ ಮತ್ತು ಸಂಗಡಿಗರು ವರದಿ ಮಾಡಿದ, ಈಗ ಕೊರಿನೆಬ್ಯಾಕ್ಟೀರಿಯಮ್ ಗ್ಲುಟಾಮಿಕಮ್ ಎಂದು ಹೆಸರಾದ ಬ್ಯಾಕ್ಟೀರಿಯಕ್ಕೆ ಬಯೋಟಿನ್ ಬೇಕೇ ಬೇಕು, ಆದರೆ ಹೆಚ್ಚಾಗಬಾರದು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದಾಗ ಅದರ ಕೋಶಪೊರೆ ಸಡಿಲಗೊಂಡು ಗ್ಲುಟಾಮಿಕ್ ಆಮ್ಲವನ್ನು ಹೊರಬಿಡುತ್ತದೆ. ಬಯೋಟಿನ್ ಹೇರಳವಾದರೆ ಬ್ಯಾಕ್ಟೀರಿಯ ಸೊಂಪಾಗಿ ಬೆಳೆಯುತ್ತದೆ, ಆಮ್ಲ ಮಾತ್ರ ಹೊರಬರುವುದಿಲ್ಲ. ಕಬ್ಬಿನ ಕಾಕಂಬಿಯನ್ನು ಬಳಸಿದರೆ ಎದುರಾಗುವ ತೊಡಕು ಇದೇ. ಪೆನಿಸಿಲಿನ್ ಅಥವಾ ಮೇಲ್ಮೈ ಚಟುವಟಿಕೆಯ ರಾಸಾಯನಿಕಗಳನ್ನು ಸೇರಿಸಿ ಪೊರೆಯನ್ನು ಸಡಿಲಿಸುವ ಉಪಾಯ ಇದಕ್ಕಾಗಿ ಬಳಕೆಗೆ ಬಂತು. ವಿಕಿರಣದಿಂದ ಬಯೋಟಿನ್ನನ್ನು ಮಾತ್ರ ಸುಟ್ಟುಹಾಕಿ ಕಾಕಂಬಿಯನ್ನು ಹದಗೊಳಿಸಬಹುದೆಂಬ ಆಲೋಚನೆ ಮೊದಲ ನೋಟಕ್ಕೆ ಆಕರ್ಷಕ. ಮೇಲಿನ ಲೆಕ್ಕ ಅದಕ್ಕೆ ಎಡೆಗೊಡುವುದಿಲ್ಲ. ಬಯೋಟಿನ್ನನ್ನು ಅರ್ಧಕ್ಕೆ ಇಳಿಸುವ ಹೊತ್ತಿಗೆ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಸಕ್ಕರೆಯ ಅಣುಗಳು ಕೆಟ್ಟಿರುತ್ತವೆ.

ಥಯಾಮಿನ್ನಿನ ಕಥೆ ಬೇರೆ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಅಯಾನೀಕಾರಕ ವಿಕಿರಣಕ್ಕೆ ಅತ್ಯಂತ ಸುಲಭವಾಗಿ ಬಲಿಯಾಗುವುದು ಇದೇ. ಆದರೆ ಕಾಕಂಬಿಯ ಥಯಾಮಿನ್ ವಿಕಿರಣ ಕೋಣೆಯನ್ನು ತಲುಪುವ ಮೊದಲೇ ಬಹಳಷ್ಟು ಕಷ್ಟಗಳನ್ನು ಕಂಡಿರುತ್ತದೆ. ಭಾರತದ ಸಕ್ಕರೆ ಕಾರ್ಖಾನೆಗಳಲ್ಲಿ ವ್ಯಾಪಕವಾಗಿರುವ ವಿಧಾನದಲ್ಲಿ ಕಬ್ಬಿನ ರಸಕ್ಕೆ ಸುಣ್ಣ ಬೆರೆಸಿ ಗಂಧಕದ ಡೈಆಕ್ಸೈಡನ್ನು ಹಾಯಿಸಲಾಗುತ್ತದೆ. ಸಲ್ಫೈಟು ಥಯಾಮಿನ್ ಅಣುವನ್ನು ನಡುವಿನಲ್ಲೇ ಸೀಳುವ ರಾಸಾಯನಿಕ. ಮೆಕ್ಕೆಜೋಳವನ್ನು ನೆನೆಸುವಾಗಲೂ ಗಂಧಕದ ಡೈಆಕ್ಸೈಡ್ ಬೆರೆತ ಬಿಸಿನೀರನ್ನು 30ರಿಂದ 50 ಗಂಟೆ ಬಳಸುವುದು ವಾಡಿಕೆ. ಹೀಗೆ ಮೊದಲೇ ಸವೆದ ವಸ್ತುವಿನಲ್ಲಿ ಥಯಾಮಿನ್ ಕಡಿಮೆಯೆಂದು ಕಂಡು ಅದರ ಹೊಣೆಯನ್ನೆಲ್ಲ ವಿಕಿರಣಕ್ಕೆ ಹೊರಿಸದಿರಬೇಕಾದರೆ, ವಿಕಿರಣಕ್ಕೊಡ್ಡದ ಅದೇ ರಾಶಿಯ ಮಾದರಿಯನ್ನು ಜೊತೆಜೊತೆಯಾಗಿಯೇ ಅಳೆಯಬೇಕು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ನಯಾಸಿನ್ ವಿಕಿರಣ, ಶಾಖ, ಬೆಳಕು ಮೂರಕ್ಕೂ ಜಗ್ಗದ್ದು. ರೈಬೋಫ್ಲೇವಿನ್ ಮತ್ತು ಪ್ಯಾಂಟೊಥೆನಿಕ್ ಆಮ್ಲ ಆಹಾರವಸ್ತುಗಳೊಳಗೆ ಗಾಮಾ ಕಿರಣಗಳನ್ನು ಚೆನ್ನಾಗಿಯೇ ತಡೆಯುತ್ತವೆ. ಇನಾಸಿಟಾಲ್ ತನ್ನ ಹೇರಳತೆಯಿಂದಲೇ ಸುರಕ್ಷಿತ. ಕೊಬ್ಬಿನಲ್ಲಿ ಕರಗುವವುಗಳಲ್ಲಿ ಇ ಜೀವಸತ್ವ ಅತ್ಯಂತ ದುರ್ಬಲ. ಗಾಳಿಯಲ್ಲಿ ವಿಕಿರಣಕ್ಕೊಡ್ಡಿ ಗಾಳಿಯಲ್ಲೇ ಶೇಖರಿಸಿಟ್ಟ ಧಾನ್ಯದಲ್ಲಿ ಅದು ತಿಂಗಳುಗಟ್ಟಲೆ ಕರಗುತ್ತಲೇ ಹೋಗುತ್ತದೆ. ಸಾರಜನಕದಲ್ಲಿಟ್ಟರೆ ನಷ್ಟ ಬಹಳ ತಗ್ಗುತ್ತದೆ.

ಉಣ್ಣುವವರು ಯಾರು

ಒಂದೇ ಕಚ್ಚಾವಸ್ತುವಿನ ಒಂದೇ ನಷ್ಟವು ಒಂದು ಹುದುಗುವಿಕೆಗೆ ಮಾರಕವಾದರೆ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. 1941ರಲ್ಲಿ ಅಮೆರಿಕದ ಪಿಯೋರಿಯಾದ ಪ್ರಯೋಗಾಲಯದಲ್ಲಿ ಮೋಯರ್ ಅವರು ಮೆಕ್ಕೆಜೋಳ ನೆನೆಸಿದ ನೀರಿನ ಸಾಂದ್ರ ರೂಪವನ್ನು ಬಳಸಿ ಪೆನಿಸಿಲಿನ್ ಇಳುವರಿಯನ್ನು ಹೆಚ್ಚಿಸಿದರು. ಪೆನಿಸಿಲಿಯಮ್ ಬೂಸು ತನಗೆ ಬೇಕಾದ ಜೀವಸತ್ವಗಳನ್ನು ತಾನೇ ತಯಾರಿಸಿಕೊಳ್ಳಬಲ್ಲುದು. ಆ ಸಾಂದ್ರದ್ರವದಿಂದ ಅದು ಪಡೆಯುವುದು ಮುಖ್ಯವಾಗಿ ಸಾರಜನಕ ಮತ್ತು ಪೆನಿಸಿಲಿನ್ನಿಗೆ ಪೂರ್ವವಾದ ವಸ್ತುಗಳನ್ನು. ಅಲ್ಲಿ ಥಯಾಮಿನ್ ನಾಶವಾದರೂ ಇಳುವರಿಯ ಮೇಲೆ ಅದರ ನೆರಳು ಬೀಳುವುದಿಲ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಾದರೋ ಸೂಕ್ಷ್ಮಜೀವಿಗಳಲ್ಲೇ ಪರಾವಲಂಬಿಗಳು. ಅವು ಪ್ಯಾಂಟೊಥೆನಿಕ್ ಆಮ್ಲ, ನಯಾಸಿನ್, ರೈಬೋಫ್ಲೇವಿನ್, ಫೋಲಿಕ್ ಆಮ್ಲ ಇವುಗಳಲ್ಲಿ ಹಲವನ್ನು ಹೊರಗಿನಿಂದಲೇ ಪಡೆಯಬೇಕು. ಈ ಪರಾವಲಂಬನೆಯನ್ನೇ ಅಳತೆಗೋಲಾಗಿಸಿ 1939ರಲ್ಲಿ ಸ್ನೆಲ್ ಮತ್ತು ಸ್ಟ್ರಾಂಗ್ ಅವರು ರೈಬೋಫ್ಲೇವಿನ್ನನ್ನು ಲ್ಯಾಕ್ಟೋಬ್ಯಾಸಿಲಸ್ಸಿನ ಬೆಳವಣಿಗೆಯಿಂದ ಅಳೆಯುವ ವಿಧಾನವನ್ನು ರೂಪಿಸಿದರು.

ಅಳತೆಯ ಈ ವಿಷಯ ಮೇಲ್ನೋಟಕ್ಕೆ ತಾಂತ್ರಿಕವಾಗಿ ಕಂಡರೂ ಇಡೀ ಚರ್ಚೆಯ ಮರ್ಮಸ್ಥಾನ ಇದೇ ಆಗಿದೆ. ವಿಕಿರಣಕ್ಕೆ ಸಿಕ್ಕ ಅಣು ಇಲ್ಲವಾಗುವುದಿಲ್ಲ, ಮತ್ತೊಂದು ಅಣುವಾಗುತ್ತದೆ. ಆ ಮತ್ತೊಂದನ್ನು ಒಂದು ಜೀವಿ ಜೀವಸತ್ವವೆಂದೇ ಸ್ವೀಕರಿಸಬಹುದು, ಇನ್ನೊಂದು ತಿರಸ್ಕರಿಸಬಹುದು. ಬಯೋಟಿನ್ನಿನ ಗಂಧಕಕ್ಕೆ ಆಮ್ಲಜನಕ ಸೇರಿ ಆಗುವ ಸಲ್ಫಾಕ್ಸೈಡನ್ನು ಕೆಲವು ಬ್ಯಾಕ್ಟೀರಿಯಗಳು ಮರಳಿ ಬಯೋಟಿನ್ ಆಗಿಸಿಕೊಳ್ಳಬಲ್ಲವು. ಗಂಧಕವನ್ನೇ ಕಳೆದುಕೊಂಡ ಡೆಸ್‌ಥಯೋಬಯೋಟಿನ್ ಯೀಸ್ಟಿಗೆ ಬಯೋಟಿನ್ನಿನಷ್ಟೇ ಒದಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಕೇಸೈಗೆ ಅದು ಒದಗದಿರುವುದಷ್ಟೇ ಅಲ್ಲ, ಬೆಳವಣಿಗೆಗೆ ಅಡ್ಡಿಯೂ ಆಗುತ್ತದೆ. ಥಯಾಮಿನ್ನಿನ ವಿಷಯದಲ್ಲಿ ಇನ್ನೂ ಹಳೆಯ ನಿದರ್ಶನವಿದೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆದು ಥಯಾಮಿನ್ನನ್ನು ಎಣಿಸುವ ವಿಧಾನವನ್ನು ಷುಲ್ಟ್ಸ್, ಆಟ್ಕಿನ್ ಮತ್ತು ಫ್ರೇ ಅವರು ಬಳಕೆಗೆ ತಂದರು. ಥಯಾಮಿನ್ ಸೀಳಿ ಉಂಟಾದ ಪಿರಿಮಿಡೀನ್ ತುಣುಕು ಕೂಡ ಯೀಸ್ಟನ್ನು ಅದೇ ರೀತಿ ಪ್ರಚೋದಿಸುತ್ತದೆಂದು ಬಳಿಕ ತಿಳಿದು, ಸಲ್ಫೈಟಿನಿಂದ ಥಯಾಮಿನ್ನನ್ನು ಬೇಕೆಂದೇ ಸೀಳಿದ ಮಾದರಿಯ ಅಳತೆಯನ್ನು ಕಳೆಯಬೇಕಾಯಿತು. ಇದರ ಅರ್ಥ, ರಾಸಾಯನಿಕ ಪರೀಕ್ಷೆ ‘ನಾಶವಾಗಿದೆ’ ಎಂದು ಹೇಳಿದ ಥಯಾಮಿನ್ನನ್ನು ಯೀಸ್ಟ್ ‘ಇದೆ’ ಎಂದೇ ಉಣ್ಣುತ್ತಿರಬಹುದು. ಬ್ರೆಡ್ ತಯಾರಕನಿಗೆ ಬೇಕಾದುದು ಯೀಸ್ಟಿನ ಉತ್ತರ. ಬ್ರೆಡ್ ತಿನ್ನುವವನಿಗೆ ಬೇಕಾದುದು ರಾಸಾಯನಿಕ ಪರೀಕ್ಷೆಯ ಉತ್ತರ. ಎರಡೂ ಸತ್ಯವೇ, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದು.

ವಿಕಿರಣಕ್ಕೊಡ್ಡಿದ ಪೋಷಕ ದ್ರಾವಣದಲ್ಲಿ ಹುದುಗು ನಿಧಾನವಾದರೆ ಜೀವಸತ್ವದ ಕೊರತೆಯೇ ಕಾರಣವೆಂದು ಭಾವಿಸುವುದು ಸಹಜ. ಇಲ್ಲೊಂದು ಬಲೆಯಿದೆ. ಕಿರಣಗಳ ಹೊಡೆತವನ್ನು ಜೀವಸತ್ವದ ಪರವಾಗಿ ಸಹಿಸಿಕೊಂಡ ಸಕ್ಕರೆ ತಾನು ಒಡೆದು ಫಾರ್ಮಾಲ್ಡಿಹೈಡ್, ಗ್ಲೈಆಕ್ಸಾಲ್, ಫಾರ್ಮಿಕ್ ಆಮ್ಲ ಮೊದಲಾದವುಗಳನ್ನು ಉಂಟುಮಾಡುತ್ತದೆ. ನೀರಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದೆ. ಹೆಚ್ಚಿನ ವಿಕಿರಣಕ್ಕೊಳಗಾದ ಸಕ್ಕರೆಯ ದ್ರಾವಣಗಳು ಜೀವಕೋಶಗಳ ಬೆಳವಣಿಗೆಯನ್ನು ತಡೆಯುತ್ತವೆಂದು 1960ರ ದಶಕದಲ್ಲೇ ತೋರಿಸಲಾಗಿದೆ. ಕೊರತೆಯೋ ವಿಷವೋ ಎಂಬುದನ್ನು ನಿರ್ಧರಿಸುವ ಪರೀಕ್ಷೆ ಸರಳವಾದುದು: ಅದೇ ದ್ರಾವಣಕ್ಕೆ ಶುದ್ಧ ಜೀವಸತ್ವಗಳ ಮಿಶ್ರಣವನ್ನು ಸೇರಿಸಬೇಕು. ಹುದುಗು ಚೇತರಿಸಿಕೊಂಡರೆ ಕೊರತೆ, ಇಲ್ಲವಾದರೆ ವಿಷ. ಹೀಗೆ ಮಾಡದೆ ಜೀವಸತ್ವ ನಾಶದ ಬಗ್ಗೆ ಬರೆದ ವರದಿ ಅಪೂರ್ಣ.

ಇಡ್ಲಿಯ ಹಿಟ್ಟು

ಕನ್ನಡನಾಡಿನ ಓದುಗರಿಗೆ ಹತ್ತಿರದ ಉದಾಹರಣೆ ಉದ್ದು ಮತ್ತು ಅಕ್ಕಿ. ಚಾವುಂಡರಾಯನ ‘ಲೋಕೋಪಕಾರ’ದ ಕಾಲಕ್ಕೆ, ಅಂದರೆ 11ನೆಯ ಶತಮಾನಕ್ಕೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಮಾಡುವ ತಿನಿಸು ದಾಖಲಾಗಿದೆ. ಇಂದಿನ ಇಡ್ಲಿಯಲ್ಲಿ ಹುದುಗು ಬರಿಸುವುದು ಮುಖ್ಯವಾಗಿ ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯವೆಂದು ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು 1965ರಲ್ಲಿ ತೋರಿಸಿದರು. ಅದು ಹೊರಗಿನಿಂದ ಹಾಕಿದ ಹೆಪ್ಪಲ್ಲ, ಬೇಳೆಯೊಂದಿಗೇ ಬಂದುದು.

ಭಾರತದಲ್ಲಿ ಆಹಾರ ವಿಕಿರಣಕ್ಕೆ ಸಂಬಂಧಿಸಿದ ನಿಯಮಗಳು 1991ರಲ್ಲಿ ಮೊದಲು ಬಂದವು. 1996 ಮತ್ತು 2012ರಲ್ಲಿ ಪರಿಷ್ಕೃತವಾದವು. ಧಾನ್ಯ ಮತ್ತು ಬೇಳೆಗಳ ಕೀಟನಿವಾರಣೆಗೆ 0.25ರಿಂದ 1.0 ಕಿಲೋಗ್ರೇವರೆಗೆ ಅವಕಾಶವಿದೆ. ಒಣಕಾಳಿನಲ್ಲಿ ಈ ಪ್ರಮಾಣದಿಂದ ಆಗುವ ಬಿ ಗುಂಪಿನ ಜೀವಸತ್ವಗಳ ನಷ್ಟ ಅಲ್ಪ. ಅಕ್ಕಿಯನ್ನು ಗಿರಣಿಯಲ್ಲಿ ಪಾಲಿಶ್ ಮಾಡುವಾಗ ತೌಡಿನೊಂದಿಗೆ ಹೋಗುವ ಥಯಾಮಿನ್, ತೊಳೆದ ನೀರಿನೊಂದಿಗೆ ಚರಂಡಿ ಸೇರುವ ಥಯಾಮಿನ್ ಇವುಗಳ ಮುಂದೆ ಅದು ಗಣನೆಗೆ ಬಾರದು. ಹಿಟ್ಟು ಹುದುಗುವಾಗ ಥಯಾಮಿನ್ ಮತ್ತು ರೈಬೋಫ್ಲೇವಿನ್ ಮತ್ತೆ ಹೆಚ್ಚುತ್ತವೆಂಬ ವರದಿಗಳೂ ಇವೆ. ಹಾಗಿದ್ದೂ ವಿಕಿರಣಕ್ಕೊಡ್ಡಿದ ಉದ್ದಿನ ಹಿಟ್ಟು ತಡವಾಗಿ ಉಬ್ಬಿದರೆ ಆಶ್ಚರ್ಯಪಡಬೇಕಾದುದಿಲ್ಲ. ಸೊರಗಿದುದು ಆಹಾರವಲ್ಲ, ಉಣ್ಣುವವನು. ಬೀಜಕಗಳಿಲ್ಲದ ಬ್ಯಾಕ್ಟೀರಿಯಗಳ ಸಂಖ್ಯೆಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಸಾಮಾನ್ಯವಾಗಿ 1 ಕಿಲೋಗ್ರೇಗೂ ಕಡಿಮೆ ವಿಕಿರಣ ಸಾಕು. ಅಂತಹ ಬೇಳೆಗೆ ಹಿಂದಿನ ದಿನದ ಹಿಟ್ಟನ್ನು ಒಂದು ಸೌಟು ಬೆರೆಸುವ ಗೃಹಿಣಿಯರ ಅಭ್ಯಾಸವೇ ತಕ್ಕ ಪರಿಹಾರ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿರುವ ನಾಡಿನಲ್ಲಿ ಈ ವಿಷಯದ ಸವಿಸ್ತಾರ ಅಧ್ಯಯನಕ್ಕೆ ಬೇಕಾದ ಕೌಶಲಕ್ಕೆ ಕೊರತೆಯಿಲ್ಲ.

ಶಾಖದೊಂದಿಗೆ ಹೋಲಿಕೆ

ವಿಕಿರಣದ ನಷ್ಟವನ್ನು ಅದು ಸ್ಥಳಾಂತರಿಸಲಿರುವ ವಿಧಾನದ ನಷ್ಟದೊಂದಿಗೆ ತೂಗಬೇಕಲ್ಲದೆ ಶೂನ್ಯದೊಂದಿಗಲ್ಲ. 121 ಡಿಗ್ರಿ ಸೆಲ್ಸಿಯಸ್ಸಿನ ಹಬೆಯಲ್ಲಿ 15 ನಿಮಿಷ ಇಟ್ಟ ದ್ರಾವಣದಲ್ಲಿ, ಅದು ಆಮ್ಲೀಯವಲ್ಲದಿದ್ದರೆ, ಥಯಾಮಿನ್ ಬಹುವಾಗಿ ಹಾಳಾಗುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದುಬಣ್ಣ ತಾಳುತ್ತವೆ. ಬಯೋಟಿನ್ ಮತ್ತು ನಯಾಸಿನ್ ಎರಡನ್ನೂ ಸಹಿಸುತ್ತವೆ. ಇನ್ನೊಂದು ಬದಿಯಲ್ಲಿ, ಬ್ಯಾಕ್ಟೀರಿಯದ ಬೀಜಕಗಳನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು 1ರಿಂದ 4 ಕಿಲೋಗ್ರೇ ಬೇಕಾಗುವುದರಿಂದ ಪೂರ್ಣ ನಿರ್ಜೀವೀಕರಣಕ್ಕೆ 25 ಕಿಲೋಗ್ರೇ ಅಥವಾ ಅದಕ್ಕಿಂತ ಹೆಚ್ಚಿನ ವಿಕಿರಣ ಅಗತ್ಯವಾಗುತ್ತದೆ. ಅಲ್ಲಿ ನೀರಾಗಿರುವ ದ್ರಾವಣಕ್ಕಿಂತ ಒಣಪುಡಿಯನ್ನು, ಸಾಧ್ಯವಾದರೆ ಆಮ್ಲಜನಕವಿಲ್ಲದೆ, ವಿಕಿರಣಕ್ಕೊಡ್ಡುವುದು ಲೇಸು. ಮಾಂಸದಂತಹ ತೇವದ ಪದಾರ್ಥಗಳನ್ನು ಹೆಪ್ಪುಗಟ್ಟಿಸಿ ವಿಕಿರಣಕ್ಕೊಡ್ಡುವುದರ ತರ್ಕವೂ ಇದೇ. ಮಂಜುಗಡ್ಡೆಯಲ್ಲಿ ರ‍್ಯಾಡಿಕಲ್‌ಗಳು ಅಲೆಯಲಾರವು.

ಲೆಕ್ಕದಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶವೊಂದಿದೆ. ಪೀಪಾಯಿಯಲ್ಲಿ ತುಂಬಿದ ವಸ್ತುವಿನ ಎಲ್ಲ ಭಾಗಕ್ಕೂ ಕಿರಣ ಸಮನಾಗಿ ತಲುಪುವುದಿಲ್ಲ. ಅಂಚಿನಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ. ನಿರ್ಜೀವೀಕರಣವನ್ನು ನಿರ್ಧರಿಸುವುದು ಅತಿ ಕಡಿಮೆ ಪಡೆದ ಭಾಗ, ಜೀವಸತ್ವದ ಹೆಚ್ಚಿನ ನಷ್ಟ ಕಾಣುವುದು ಅತಿ ಹೆಚ್ಚು ಪಡೆದ ಭಾಗದಲ್ಲಿ. ಆದುದರಿಂದ ‘10 ಕಿಲೋಗ್ರೇಗೆ ಒಡ್ಡಲಾಯಿತು’ ಎಂಬ ಒಂದೇ ಅಂಕಿಯುಳ್ಳ ವರದಿಯಿಂದ ಕಾರ್ಖಾನೆಗೆ ಪ್ರಯೋಜನವಿಲ್ಲ. ಮದ್ಯಸಾರದ ಭಟ್ಟಿಗಳಲ್ಲಂತೂ ಕಾಕಂಬಿಯನ್ನು ನಿರ್ಜೀವಗೊಳಿಸುವ ಪದ್ಧತಿಯೇ ಸಾಮಾನ್ಯವಾಗಿ ಇಲ್ಲ. ನೀರು ಬೆರೆಸಿ, ಹುಳಿಯನ್ನು ಸರಿಹೊಂದಿಸಿ, ಹೇರಳ ಯೀಸ್ಟ್ ಹಾಕಿ ಕೆಲಸ ಸಾಗಿಸುತ್ತಾರೆ. ಅಲ್ಲಿಗೆ ಕೋಬಾಲ್ಟಿನ ವೆಚ್ಚ ಹೊಂದುವುದಿಲ್ಲ. ವಿಕಿರಣ ಉಪಯುಕ್ತವಾಗಬಹುದಾದುದು ಯೀಸ್ಟಿನ ಸಾರದ ಪುಡಿ, ಕಿಣ್ವ ಬೆರೆತ ಮಿಶ್ರಣ, ಶುದ್ಧ ಹೆಪ್ಪಿನ ಪೋಷಕಗಳಂತಹ ಬೆಲೆಬಾಳುವ ಒಣವಸ್ತುಗಳಿಗೆ.

ಬೆಳಕು ಮತ್ತು ಅತಿನೇರಳೆ

ಗಾಮಾ ಕಿರಣದ ಭಯದಲ್ಲಿ ಕಿಟಕಿಯ ಬೆಳಕನ್ನು ಮರೆಯುವುದುಂಟು. ಕೋಬಾಲ್ಟಿನ ಕಿರಣಗಳನ್ನು ತಾಳಿಕೊಳ್ಳುವ ರೈಬೋಫ್ಲೇವಿನ್ ಗಾಜಿನ ಸೀಸೆಯೊಳಗೆ ಬಿಸಿಲಿಗೆ ಬಹುಬೇಗ ಒಡೆದು, ಕ್ಷಾರದಲ್ಲಿ ಲ್ಯೂಮಿಫ್ಲೇವಿನ್ ಆಗಿಯೂ ಇತರೆಡೆ ಲ್ಯೂಮಿಕ್ರೋಮ್ ಆಗಿಯೂ ಮಾರ್ಪಡುತ್ತದೆ. ಹೋಗುವಾಗ ಅದು ಒಂಟಿಯಾಗಿ ಹೋಗುವುದಿಲ್ಲ. ಬೆಳಕನ್ನು ಹೀರಿ ಆ ಶಕ್ತಿಯನ್ನು ಫೋಲಿಕ್ ಆಮ್ಲ, ಸಿ ಜೀವಸತ್ವ ಮೊದಲಾದವುಗಳ ಮೇಲೆ ಪ್ರಯೋಗಿಸುತ್ತದೆ, ಪೆರಾಕ್ಸೈಡನ್ನೂ ಹುಟ್ಟಿಸುತ್ತದೆ. ಬಿಯರಿಗೆ ಬೆಳಕಿನಿಂದ ಬರುವ ದುರ್ನಾತಕ್ಕೂ ಮೂಲ ಇದೇ: ರೈಬೋಫ್ಲೇವಿನ್ ಹೀರಿದ ಬೆಳಕು ಹಾಪ್ ಹೂವಿನ ಕಹಿ ವಸ್ತುಗಳನ್ನು ಒಡೆದು ಗಂಧಕಯುಕ್ತ ವಾಸನೆಯನ್ನು ಉಂಟುಮಾಡುತ್ತದೆ. ಕಂದು ಸೀಸೆ ಬಂದುದು ಅದಕ್ಕಾಗಿ. ಬಿ12ರ ಸಹಕಿಣ್ವ ರೂಪಗಳು ಇನ್ನೂ ನಾಜೂಕು. ಬೆಳಕಿನಲ್ಲಿ ಅವು ಶೀಘ್ರವಾಗಿ ಹೈಡ್ರಾಕ್ಸೊಕೊಬಾಲಮಿನ್ ಆಗುತ್ತವೆ. ಹುದುಗಿಸಿ ಬಿ12 ತಯಾರಿಸುವಲ್ಲಿ ಸಯನೈಡ್ ಸೇರಿಸಿ ಸ್ಥಿರವಾದ ಸಯನೊಕೊಬಾಲಮಿನ್ ಆಗಿಸುವುದು ವಾಡಿಕೆ.

ವಿಕಿರಣ ಜೀವಸತ್ವವನ್ನು ಕೆಡಿಸುವುದಷ್ಟೇ ಅಲ್ಲ, ಸೃಷ್ಟಿಸುವುದೂ ಉಂಟು. 1924ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀನ್‌ಬಾಕ್ ಅವರು ಅತಿನೇರಳೆ ಕಿರಣಕ್ಕೊಡ್ಡಿದ ಆಹಾರಕ್ಕೆ ರಿಕೆಟ್ಸ್ ರೋಗವನ್ನು ತಡೆಯುವ ಗುಣ ಬರುತ್ತದೆಂದು ತೋರಿಸಿದರು. ಸ್ಟೆರಾಲ್‌ಗಳ ಮೇಲಿನ ಕೆಲಸಕ್ಕಾಗಿ ವಿಂಡೌಸ್ ಅವರಿಗೆ 1928ರ ನೊಬೆಲ್ ಪಾರಿತೋಷಕ ಸಂದಿತು. ಯೀಸ್ಟಿನ ಕೋಶಪೊರೆಯಲ್ಲಿ ಹೇರಳವಾಗಿರುವ ಎರ್ಗೊಸ್ಟೆರಾಲ್ ಈ ಕಿರಣಗಳಿಂದ ಡಿ2 ಜೀವಸತ್ವವಾಗುತ್ತದೆ. ಇಂತಹ ಬ್ರೆಡ್ ಯೀಸ್ಟಿಗೆ ಐರೋಪ್ಯ ಒಕ್ಕೂಟ 2014ರಲ್ಲಿ ಅನುಮತಿ ನೀಡಿತು. ಕಿರಣವನ್ನು ಅಗತ್ಯಕ್ಕಿಂತ ಹೆಚ್ಚು ಹಾಯಿಸಿದರೆ ಮಾತ್ರ ಉತ್ಪತ್ತಿ ಟ್ಯಾಕಿಸ್ಟೆರಾಲ್, ಲ್ಯೂಮಿಸ್ಟೆರಾಲ್‌ಗಳತ್ತ ಹೊರಳುತ್ತದೆ. ಡಿ ಜೀವಸತ್ವದಿಂದ ಯೀಸ್ಟಿಗೆ ಯಾವ ಉಪಯೋಗವೂ ಇಲ್ಲ. ಎರ್ಗೊಸ್ಟೆರಾಲ್ ಅದಕ್ಕೆ ಪೊರೆಯ ಕಟ್ಟಡ ಸಾಮಗ್ರಿ. ಆಮ್ಲಜನಕವಿಲ್ಲದ ಹುದುಗುತೊಟ್ಟಿಯಲ್ಲಿ ಅದನ್ನು ಹೊಸದಾಗಿ ತಯಾರಿಸಿಕೊಳ್ಳಲಾರದ ಯೀಸ್ಟಿಗೆ, ಕಚ್ಚಾವಸ್ತುವಾಗಿ ಬಳಸಿದ ಹಳೆಯ ಯೀಸ್ಟಿನ ಸಾರದಿಂದ ದೊರೆಯುತ್ತಿದ್ದ ಎರ್ಗೊಸ್ಟೆರಾಲ್ ಡಿ2 ಆಗಿ ಪರಿವರ್ತಿತವಾದಷ್ಟೂ ಅದು ನಷ್ಟವೇ.